ನಿಮಗಿದು ಗೊತ್ತೇ? ಹಳೇ ಜೀಪಿನ ಚಕ್ರ ಗುಂಯ್ ಅಂದರೆ...

ಬೇರಿಂಗ್ ಎಂಬ ಮಾತೇ ಇಲ್ಲದ ಕಾಲದಲ್ಲಿ ಎತ್ತಿನಗಾಡಿಯ ಚಕ್ರ ಹೇಗೆ ತಿರುಗುತ್ತಿತ್ತು? ಮರದ ಗುಂಬದೊಳಗೆ ಕಬ್ಬಿಣದ ಅಚ್ಚು ಉಜ್ಜಿಕೊಂಡೇ ಓಡುತ್ತಿತ್ತು. ಆ ಉಜ್ಜಾಟಕ್ಕೆ ಮದ್ದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಕೆಳಗೆ ನೇತುಹಾಕುತ್ತಿದ್ದರು. ಚಕ್ರ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಕಡಾಣಿ. ಇವತ್ತಿನ ಗ್ರೀಸು ಆ ಕೀಲೆಣ್ಣೆಯ ಮೊಮ್ಮಗ, ಸ್ಪ್ಲಿಟ್ ಪಿನ್ನು ಆ ಕಡಾಣಿಯ ಮೊಮ್ಮಗ.

ಹಿಂದೂಪುರದ ಗ್ಯಾರೇಜುಗಳ ಮುಂದೆ ನಿಂತ ಹಳೇ ಗಾಡಿಗಳ ನಂಬರ್ ಪ್ಲೇಟು ಓದಿದ್ದೀರಾ? ಅನಂತಪುರದ ಎಪಿ 02 ಪಕ್ಕದಲ್ಲೇ ಗೌರಿಬಿದನೂರು ಕಡೆಯ ಕೆಎ 40, ಮಧುಗಿರಿಯ ಕೆಎ 64 ಕಾಣುತ್ತವೆ. 2022ರ ಏಪ್ರಿಲ್ 4ರಂದು ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗಾಡಿಗೆ ಇದ್ಯಾವುದೂ ಗೊತ್ತಿಲ್ಲ. ಪಾವಗಡದ ರಸ್ತೆಯೋ ಕಲ್ಯಾಣದುರ್ಗದ ರಸ್ತೆಯೋ, ಧೂಳು ಒಂದೇ. ರಿಪೇರಿ ಮಾತು ತೆಲುಗು, ಕನ್ನಡ, ದಖನಿ ಉರ್ದು ಮೂರರಲ್ಲೂ ನಡೆದರೂ ಬೇರಿಂಗು ಮೂರರಲ್ಲೂ ಬೇರಿಂಗೇ.

ಮಹೀಂದ್ರ ಕಂಪನಿಯ ಮೊದಲ ಹೆಸರು ಮಹೀಂದ್ರ ಆ್ಯಂಡ್ ಮಹಮ್ಮದ್! ಶುರುವಾದದ್ದು 1945ರಲ್ಲಿ. ಪಾಲುದಾರ ಗುಲಾಂ ಮಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ನಾವು ಊರೂರಲ್ಲಿ ನೋಡಿದ ಜೀಪಿನ ಮೂಲ ವಿಲ್ಲಿಸ್; ಎರಡನೇ ಮಹಾಯುದ್ಧಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ತಯಾರಿಸಿದ ಗಾಡಿ ಅದು.

ಜೋಂಗಾ ಎಂಬುದು ಜಪಾನಿ ಹೆಸರೆಂದು ತಿಳಿದವರು ಬಹಳ. ಗಾಡಿಯ ಮೂಲವೇನೋ ನಿಸ್ಸಾನ್ ಪಟ್ರೋಲ್ ಮಾದರಿ. ಹೆಸರು ಮಾತ್ರ ಜಬಲ್ಪುರದ್ದು: ಜಬಲ್ಪುರ್ ಆರ್ಡ್‌ನೆನ್ಸ್ ಆ್ಯಂಡ್ ಗನ್‌ಕ್ಯಾರೇಜ್ ಅಸೆಂಬ್ಲಿ ಎಂಬುದರ ಅಕ್ಷರಗಳನ್ನು ಜೋಡಿಸಿದ್ದು.

ಈಗ ಚಕ್ರದೊಳಗೆ ಹೋಗೋಣ.

ಗುಂಡು ಬೇರಿಂಗಿಗೆ ಮೊದಲ ಪೇಟೆಂಟ್ ಪಡೆದವನು ವೇಲ್ಸ್‌ನ ಫಿಲಿಪ್ ವಾನ್, 1794ರಲ್ಲಿ. ಅವನು ಅದನ್ನು ಯೋಚಿಸಿದ್ದು ಕುದುರೆಗಾಡಿಯ ಅಚ್ಚಿಗಾಗಿ. ಜೀಪು, ಲಾರಿಗಳ ಚಕ್ರದ ಗುಂಬ ಎನ್ನಬಹುದಾದ ಹಬ್ಬಿನಲ್ಲಿ ಇವತ್ತಿಗೂ ಕೂರುವ ಓರೆ ರೋಲರಿನ ಬೇರಿಂಗ್, ಅಂದರೆ ಟೇಪರ್ ಬೇರಿಂಗ್, ಹುಟ್ಟಿದ್ದೂ ಕುದುರೆಗಾಡಿ ಕಟ್ಟುವವನ ಕೈಯಲ್ಲೇ. ಅಮೆರಿಕದ ಸೇಂಟ್ ಲೂಯಿಸ್‌ನ ಹೆನ್ರಿ ಟಿಮ್ಕೆನ್ 1898ರಲ್ಲಿ ಅದರ ಪೇಟೆಂಟ್ ಪಡೆದ. ಗಾಡಿ ತಿರುವಿನಲ್ಲಿ ಹೊರಳಿದಾಗ ಚಕ್ರದ ಮೇಲೆ ಮೇಲಿನಿಂದಲೂ ಭಾರ, ಪಕ್ಕದಿಂದಲೂ ಒತ್ತಡ. ಎರಡನ್ನೂ ಒಟ್ಟಿಗೆ ಹೊರಲೆಂದೇ ರೋಲರನ್ನು ಓರೆಯಾಗಿ ಕೂರಿಸಿದ್ದು.

ಭಾರತದ್ದೇ ಬೇರಿಂಗ್ ಬೇಕೆಂದು ಜೈಪುರದಲ್ಲಿ ನ್ಯಾಷನಲ್ ಎಂಜಿನಿಯರಿಂಗ್ ಇಂಡಸ್ಟ್ರೀಸ್ ಶುರುವಾದದ್ದು 1946ರಲ್ಲಿ. ಅಂಗಡಿಯಲ್ಲಿ ಎನ್‌ಬಿಸಿ ಎಂದು ಕೇಳಿ ತರುತ್ತೀರಲ್ಲ, ಅದೇ.

ಬೇರಿಂಗ್ ಮೇಲೆ ಕೊರೆದ ನಂಬರಿನಲ್ಲೇ ಅದರ ಅಳತೆ ಅಡಗಿದೆ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ, ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 6205ಕ್ಕೆ 25 ಮಿ.ಮೀ., 6306ಕ್ಕೆ 30 ಮಿ.ಮೀ., ಟೇಪರ್‌ನಲ್ಲಿ 30205ಕ್ಕೆ ಮತ್ತೆ 25. ಕೊನೆಯಲ್ಲಿ 00, 01, 02, 03 ಇದ್ದರೆ ಮಾತ್ರ ಕ್ರಮವಾಗಿ 10, 12, 15, 17. ಆದರೆ ಇದೇ ಲೆಕ್ಕ ಹಿಡಿದು ವಿಲ್ಲಿಸ್ ಜೀಪಿನ ಚಕ್ರದ 18590 ನಂಬರಿನ ಬೇರಿಂಗನ್ನು ಅಳೆಯಲು ಹೋದರೆ 450 ಮಿ.ಮೀ. ಬರುತ್ತದೆ, ಚಕ್ರವೇ ಅಷ್ಟು ದೊಡ್ಡದಿದ್ದೀತು! ಅದು ಇಂಚಿನ ಲೆಕ್ಕದ ಬೇರಿಂಗ್. ಅದರ ಒಳತೂತು ಒಂದು ಇಂಚು ಐದು ನೂಲು, ಅಂದರೆ 41.275 ಮಿ.ಮೀ. ಹಳೇ ಗಾಡಿಗೆ ಬೇರಿಂಗ್ ತರುವಾಗ ಬಾಯಿಮಾತಿನಲ್ಲಿ ಗಾಡಿ ಹೆಸರು ಹೇಳಿ ತರಬೇಡಿ. ಹಳೆಯದನ್ನು ಒರೆಸಿ, ನಂಬರು ಬರೆದುಕೊಂಡು, ಸಾಧ್ಯವಾದರೆ ಆ ಬೇರಿಂಗನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ಚಕ್ರ ಎಷ್ಟು ಸಲ ತಿರುಗುತ್ತದೆ? ಹಳೇ ಜೀಪಿನ 6.00-16 ಟೈರಿನ ಸುತ್ತಳತೆ ಸುಮಾರು ಎರಡೂಕಾಲು ಮೀಟರು. 100 ಕಿ.ಮೀ. ಓಡಿದರೆ 44 ಸಾವಿರಕ್ಕೂ ಹೆಚ್ಚು ಸುತ್ತು.

ಇಲ್ಲೊಂದು ಲೆಕ್ಕವಿದೆ. ಜೀಪು ಓಡಿಸುವ ಪ್ರತಿಯೊಬ್ಬರಿಗೂ ಇದು ಗೊತ್ತಿರಲೇಬೇಕು ಎಂದು ನನ್ನ ಹಟ. ಭಾರ ಎರಡು ಪಟ್ಟಾದರೆ ಬೇರಿಂಗಿನ ಆಯುಷ್ಯ ಅರ್ಧವಾಗುತ್ತದೆ ಎಂದುಕೊಂಡಿದ್ದರೆ ತಪ್ಪು. ಗುಂಡು ಬೇರಿಂಗಾದರೆ ಎಂಟನೇ ಒಂದು ಭಾಗಕ್ಕೆ, ರೋಲರ್ ಬೇರಿಂಗಾದರೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ಪಟ್ಟು ಬೇಡ, ಒಂದೂವರೆ ಪಟ್ಟು ಹೇರಿ. ರೋಲರ್ ಬೇರಿಂಗಿನ ಆಯುಷ್ಯದಲ್ಲಿ ಉಳಿಯುವುದು ಕಾಲು ಭಾಗ. ಬರೀ ಶೇ. 20ರಷ್ಟು ಹೆಚ್ಚಾದರೂ ಹತ್ತಿರ ಹತ್ತಿರ ಅರ್ಧ ಹೋಯಿತು. ಕಡಲೆಕಾಯಿ ಮೂಟೆಯ ಮೇಲೆ ಜನ, ಜನದ ಮೇಲೆ ಹುಣಸೆಹಣ್ಣಿನ ಗಂಟು, ಹಿಂದೆ ಮೆಟ್ಟಿಲ ಮೇಲೆ ನಿಂತವರು ನಾಲ್ಕು. ಇಂಥ ಜೀಪುಗಳನ್ನು ಈ ಸೀಮೆಯಲ್ಲಿ ಹುಟ್ಟಿದವರೆಲ್ಲ ನೋಡಿದ್ದೇವೆ, ಹತ್ತಿದ್ದೇವೆ. ಅವತ್ತು ಉಳಿದ ಒಂದು ಟ್ರಿಪ್ಪಿನ ಡೀಸೆಲ್ಲಿಗೆ ಚಕ್ರದೊಳಗೆ ಎಷ್ಟು ಬೆಲೆ ತೆತ್ತೆವೆಂದು ಯಾರಿಗೂ ಕಾಣಲಿಲ್ಲ.

ಹೆಚ್ಚಿನ ಭಾರ ಬೇರಿಂಗಿನ ಮೊದಲ ಶತ್ರುವಾದರೆ ಎರಡನೆಯದು ಧೂಳು. ಓಡುವಾಗ ರೋಲರಿಗೂ ಅದರ ಹಾದಿಗೂ ನಡುವೆ ಇರುವ ಎಣ್ಣೆಯ ಪೊರೆ ಒಂದು ಮೈಕ್ರಾನಿಗಿಂತ ತೆಳುವು. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಬೀಳದ ಮರಳ ಪುಡಿಯೂ ಅಲ್ಲಿ ಬಂಡೆಯಂತೆ.

ಮೂರನೆಯದು ನೀರು. ಉತ್ತರ ಪಿನಾಕಿನಿ ಕರ್ನಾಟಕ ಬಿಟ್ಟು ಆಂಧ್ರಕ್ಕೆ ಕಾಲಿಡುವುದು ಹಿಂದೂಪುರದ ಬಳಿಯೇ. ವರ್ಷದ ಬಹುಕಾಲ ಮರಳು, ಮಳೆ ಬಂದಾಗ ನೀರು. ದೂರ ಓಡಿ ಕಾದ ಹಬ್ಬನ್ನು ಹಾಗೇ ತಣ್ಣನೆಯ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಹಳೇ ಆಯಿಲ್ ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಳ್ಳ ದಾಟುವ ಮುಂಚೆ ಹತ್ತು ನಿಮಿಷ ಗಾಡಿ ನಿಲ್ಲಿಸಿ. ದಾಟಿದ ವಾರದಲ್ಲಿ ಹಬ್ಬು ಬಿಚ್ಚಿ ನೋಡಿ. ಗ್ರೀಸು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ.

ಯಾವ ಕಡೆಯ ಬೇರಿಂಗ್ ಹೋಗಿದೆ ಎಂದು ಕೂತಲ್ಲೇ ಹೇಳಬಹುದು. ಗುಂಯ್ ಸದ್ದು ವೇಗದ ಜೊತೆ ಏರುತ್ತದೆ, ಕ್ಲಚ್ ತುಳಿದರೂ ನಿಲ್ಲುವುದಿಲ್ಲ. ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿ: ಭಾರವೆಲ್ಲ ಎಡಕ್ಕೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡಗಡೆಯದನ್ನು ಮೊದಲು ಅನುಮಾನಿಸಿ.

ಇನ್ನು ಬಾಲ್ ಜಾಯಿಂಟ್, ಅಂದರೆ ಗುಂಡಿನ ಕೀಲು. ವಿಲ್ಲಿಸ್ ಮಾದರಿಯ ಹಳೇ ಫೋರ್ ವೀಲ್ ಜೀಪಿನ ಮುಂದಿನ ಅಚ್ಚಿಗೆ ಬಾಲ್ ಜಾಯಿಂಟೇ ಇಲ್ಲವೆಂಬುದು ಗೊತ್ತೇ? ಅಚ್ಚಿನ ತುದಿಯಲ್ಲಿ ತೆಂಗಿನಕಾಯಿಯಂಥ ಉಕ್ಕಿನ ಗೋಳ, ಅದರ ಮೇಲೆ ಟೋಪಿಯಂತೆ ಕೂತ ನಕಲ್, ಮೇಲೊಂದು ಕೆಳಗೊಂದು ಕಿಂಗ್ ಪಿನ್, ಎರಡಕ್ಕೂ ಟೇಪರ್ ಬೇರಿಂಗ್. ಮಾರುತಿ ಜಿಪ್ಸಿಯದ್ದೂ ಇದೇ ಜಾತಿ. ಇಲ್ಲಿರುವ ಗುಂಡುಗಳೆಂದರೆ ಟೈ ರಾಡ್ ಎಂಡ್‌ಗಳು. ಬಾಲ್ ಜಾಯಿಂಟು ಕಾರಿನ ಮುಂಭಾಗಕ್ಕೆ ಬಂದು ಹೆಸರಾದದ್ದು 1952ರ ಲಿಂಕನ್ ಕಾರಿನಲ್ಲಿ. ಮುಂದೆ ಅಮೆರಿಕದ ಫೋರ್ ವೀಲ್ ಟ್ರಕ್ಕುಗಳ ಗಟ್ಟಿ ಅಚ್ಚಿಗೂ ಹಬ್ಬಿತು. ನಮ್ಮಲ್ಲಿ ಎರಡು ಚಕ್ರ ಬೇರೆಬೇರೆಯಾಗಿ ಏರಿಳಿಯುವ ಗಾಡಿಗಳು ಬಂದ ಮೇಲೆ, ಅಂದರೆ ಟಾಟಾ ಸಫಾರಿ, 2010ರ ಥಾರ್‌ನಂಥವುಗಳಲ್ಲಿ, ಮೇಲಿನ ತೋಳಿಗೊಂದು ಕೆಳಗಿನ ತೋಳಿಗೊಂದು ಬಾಲ್ ಜಾಯಿಂಟ್ ಬಂತು.

ಕಿಂಗ್ ಪಿನ್ ಬಿಗಿಯನ್ನು ಅಳೆಯಲು ಹಳೇ ಮೆಕ್ಯಾನಿಕ್ಕುಗಳು ಬಳಸುವುದು ಸ್ಪ್ರಿಂಗ್ ತಕ್ಕಡಿ! ಹಿಂದೂಪುರದ ಮಂಡಿಯಲ್ಲಿ ಹುಣಸೆಹಣ್ಣು ತೂಗಲು ಎತ್ತಿಹಿಡಿಯುವಂಥದ್ದೇ. ಟೈ ರಾಡ್ ಕೂರುವ ತೂತಿಗೆ ಕೊಕ್ಕೆ ಹಾಕಿ ಎಳೆಯುತ್ತಾರೆ. ನಕಲ್ ಎಷ್ಟು ತೂಕಕ್ಕೆ ಅಲುಗಿತು ಎಂಬುದೇ ಬಿಗಿಯ ಲೆಕ್ಕ. ಸಡಿಲವಿದ್ದರೆ ತೆಳು ತಗಡಿನ ಶಿಮ್ ಒಂದನ್ನು ತೆಗೆ, ಬಿಗಿಯಾದರೆ ಒಂದನ್ನು ಸೇರಿಸು.

ಚಕ್ರ ಅಲ್ಲಾಡುತ್ತಿದೆ, ತಪ್ಪು ಬೇರಿಂಗಿನದೋ ಬಾಲ್ ಜಾಯಿಂಟಿನದೋ? ಜಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಇದೆಯೇ? ಈಗ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ, ಮತ್ತೆ ಅಲುಗಿಸಿ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಅಲುಗಿದರೆ ಟೈ ರಾಡ್ ಎಂಡ್ ನೋಡಿ. ಸ್ಪ್ರಿಂಗೋ ಟಾರ್ಷನ್ ಬಾರೋ ಕೆಳಗಿನ ತೋಳಿಗೆ ಸೇರಿದ ಗಾಡಿಯಾದರೆ ಜಾಕಿಯನ್ನು ಆ ತೋಳಿನ ಕೆಳಗೇ ಕೊಡಬೇಕು. ಚಾಸಿಗೆ ಕೊಟ್ಟು ಎತ್ತಿದರೆ ಸವೆದ ಜಾಯಿಂಟೂ ಬಿಗಿಯಾಗಿದ್ದಂತೆ ನಟಿಸುತ್ತದೆ. ಕೆಳಗಿನ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ನೆಲ ಕಚ್ಚುತ್ತದೆ. ಗುಂಡಿಗಿಳಿದಾಗ ಟಕ್ ಎಂಬ ಸದ್ದು ಕೇಳಿದ ದಿನವೇ ನೋಡಿಸಿ.

ಬಾಲ್ ಜಾಯಿಂಟಿನ ಕಡ್ಡಿ ಓರೆಯಾಗಿದ್ದು ನಕಲ್‌ನಲ್ಲಿ ಕಚ್ಚಿ ಕೂತಿರುತ್ತದೆ. ನಟ್ಟು ಬಿಚ್ಚಿದರೂ ಕದಲುವುದಿಲ್ಲ. ಕಡ್ಡಿಯ ತಲೆಗೆ ಹೊಡೆದರೆ ಮರೆ ಹಾಳು. ತಿಳಿದವರು ನಟ್ಟನ್ನು ನಾಲ್ಕು ಮರೆ ಉಳಿಸಿ, ನಕಲ್‌ನ ಕಣ್ಣಿನ ಪಕ್ಕಕ್ಕೆ ಒಂದು ಸುತ್ತಿಗೆ ಆನಿಸಿ, ಎದುರು ಪಕ್ಕಕ್ಕೆ ಇನ್ನೊಂದರಿಂದ ಬಲವಾಗಿ ಕೊಡುತ್ತಾರೆ. ಕಣ್ಣು ಒಂದು ಕ್ಷಣ ಹಿಗ್ಗುತ್ತದೆ, ಕಡ್ಡಿ ಠಪ್ಪೆಂದು ಕಳಚುತ್ತದೆ. ಮತ್ತೆ ಜೋಡಿಸುವಾಗ ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ಟನ್ನು ಸ್ವಲ್ಪ ಮುಂದಕ್ಕೆ ಬಿಗಿಯಬೇಕು, ಎಂದೂ ಹಿಂದಕ್ಕೆ ಸಡಿಲಿಸಬಾರದು. ಟಾರ್ಷನ್ ಬಾರ್ ಇದ್ದರೆ ಮೊದಲು ಗುರುತು ಹಾಕಿ ಅದರ ಬಿಗಿ ಇಳಿಸಿ. ಅದರಲ್ಲಿ ಕೂತಿರುವ ಬಲ ಕೈ ಮುರಿಯುವಂಥದ್ದು.

ವಿಲ್ಲಿಸ್ ಜೀಪಿನ ಎಡಗಡೆ ಚಕ್ರದ ನಟ್ಟು ಬಿಚ್ಚಲು ಹೋಗಿ ಬೋಲ್ಟೇ ಮುರಿದುಕೊಂಡವರಿದ್ದಾರೆ. ಅವಕ್ಕೆ ಉಲ್ಟಾ ಮರೆ. ಬಿಚ್ಚಬೇಕಾದರೆ ನಾವು ಬಿಗಿಯುವ ದಿಕ್ಕಿಗೆ ತಿರುಗಿಸಬೇಕು.

ಬೇರಿಂಗ್ ಬದಲಾಯಿಸುವುದನ್ನು ಒಮ್ಮೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ಹಬ್ಬು ಬಿಚ್ಚಿದೊಡನೆ ಸುಟ್ಟ ಗ್ರೀಸಿನ ವಾಸನೆ. ಸೀಮೆಎಣ್ಣೆಯಲ್ಲಿ ತೊಳೆದ ಬೇರಿಂಗನ್ನು ಬೆಳಕಿಗೆ ಹಿಡಿದರೆ ಕಥೆಯೆಲ್ಲ ಕಾಣುತ್ತದೆ: ನೀಲಿ ಕಂದು ಬಣ್ಣ ಬಂದಿದ್ದರೆ ಕಾದು ಕೆಟ್ಟಿದೆ, ಬೂದು ಬಣ್ಣಕ್ಕೆ ಮಂಕಾಗಿದ್ದರೆ ಧೂಳು ತಿಂದಿದೆ, ಕೆಂಪು ಕಲೆಯಿದ್ದರೆ ನೀರು ಕುಡಿದಿದೆ. ಹಬ್ಬಿನೊಳಗಿನ ಕಪ್ಪಿನ, ಅಂದರೆ ಬೇರಿಂಗಿನ ಹೊರಬಳೆಯ ಮೇಲೆ ಉಗುರು ಎಳೆಯಿರಿ. ಉಗುರು ತಡವರಿಸಿದರೆ ಅದರ ಕೆಲಸ ಮುಗಿಯಿತು. ಹಳೇ ಕಪ್ಪು ಚೆನ್ನಾಗಿಯೇ ಇದೆಯೆಂದು ಉಳಿಸಿಕೊಂಡು ಹೊಸ ಕೋನ್ (ರೋಲರುಗಳಿರುವ ಒಳಬಳೆ) ಮಾತ್ರ ಹಾಕಿಸುವುದು ಹಣ ಉಳಿಸುವ ದಾರಿಯಲ್ಲ. ಎರಡೂ ಜೊತೆಯಾಗಿಯೇ ಸವೆದಿರುತ್ತವೆ, ಜೊತೆಯಾಗಿಯೇ ಬದಲಾಗಬೇಕು. ಹೊಸ ಕಪ್ಪನ್ನು ಕೂರಿಸುವಾಗ ಹಳೇ ಕಪ್ಪನ್ನೇ ಮೇಲಿಟ್ಟು ಸುತ್ತಲೂ ಸಮನಾಗಿ ಬಡಿಯುತ್ತಾರೆ. ಕಿವಿ ಅಲ್ಲಿರಲಿ. ಮೊದಲು ಟೊಕ್ ಟೊಕ್ ಎನ್ನುವ ಸದ್ದು ಇದ್ದಕ್ಕಿದ್ದಂತೆ ಠಣ್ ಎಂದು ಗಟ್ಟಿಯಾಗುತ್ತದೆ. ಕಪ್ಪು ತಳ ಮುಟ್ಟಿತು ಎಂಬುದಕ್ಕೆ ಅದೇ ಸಾಕ್ಷಿ.

ಗ್ರೀಸ್ ಹಚ್ಚುವುದೂ ಒಂದು ಕೈಚಳಕ. ಎಡಗೈ ಅಂಗೈಯಲ್ಲಿ ಮುದ್ದೆಯಷ್ಟು ಗ್ರೀಸು, ಬಲಗೈಯಲ್ಲಿ ಬೇರಿಂಗು. ಅಗಲ ಬದಿಯನ್ನು ಅಂಗೈಗೆ ಒತ್ತುತ್ತ ಹೋದರೆ ಗ್ರೀಸು ರೋಲರುಗಳ ನಡುವೆ ನುಗ್ಗಿ ಮೇಲಿನ ಸಂದಿನಿಂದ ಶ್ಯಾವಿಗೆಯಂತೆ ಹೊರಬರುತ್ತದೆ. ಸುತ್ತಲೂ ಹಾಗೆ ಬರಬೇಕು. ಹಬ್ಬಿನ ಹೊಟ್ಟೆಯನ್ನು ಮಾತ್ರ ತುಂಬಿ ತುಳುಕಿಸಬೇಡಿ: ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಹೆಚ್ಚಾದರೆ ಕಾಯುತ್ತದೆ, ಸೀಲು ದಾಟಿ ಬ್ರೇಕ್ ಶೂ ಮೇಲೆ ಬೀಳುತ್ತದೆ.

ಒಂದು ಬ್ರಾಂಡಿನ ಗ್ರೀಸಿಗೆ ಇನ್ನೊಂದನ್ನು ಬೆರೆಸಬಹುದೇ? ಬೇಡ. ಕೆಲವು ಜಾತಿಗಳು ಬೆರೆತರೆ ಕರಗಿ ನೀರಾಗುತ್ತವೆ. ಇವತ್ತಿನ ಲಿಥಿಯಂ ಗ್ರೀಸಿನ ಪೇಟೆಂಟು 1942ರಷ್ಟು ಹಳೆಯದು.

ಅಚ್ಚಿಗೆ ಬಿಗಿಯಾಗಿ ಕೂರುವ ಬೇರಿಂಗನ್ನು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸುವುದನ್ನು ಕಂಡರೆ ತಡೆಯಿರಿ. 125 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇರಿಂಗ್ ಉಕ್ಕಿನ ಗಡಸುತನವೇ ಕೈಕೊಡಬಹುದು. ಎಣ್ಣೆಯಲ್ಲಿ ಮುಳುಗಿಸಿ 110 ಡಿಗ್ರಿವರೆಗೆ ಕಾಯಿಸಿದರೆ ಧಾರಾಳ ಸಾಕು. 40 ಮಿ.ಮೀ. ತೂತು 80 ಡಿಗ್ರಿ ಬಿಸಿ ಏರಿದರೆ ಸುಮಾರು 0.04 ಮಿ.ಮೀ. ಹಿಗ್ಗುತ್ತದೆ, ಬೇರಿಂಗು ಕೈಯಲ್ಲೇ ಜಾರಿ ಕೂರುತ್ತದೆ. ಅಚ್ಚಿಗೆ ಹಾಕುವಾಗ ಒಳಬಳೆಗೆ ಹೊಡೆಯಬೇಕು, ಹಬ್ಬಿಗೆ ಹಾಕುವಾಗ ಹೊರಬಳೆಗೆ. ತಪ್ಪಿ ಹೊಡೆದರೆ ಪೆಟ್ಟು ರೋಲರಿನ ಮೂಲಕ ಹಾದು ಹಾದಿಯ ಮೇಲೆ ತಗ್ಗು ಬೀಳುತ್ತದೆ. ಬೇರಿಂಗು ಓಡುವ ಮೊದಲೇ ಹಳತಾಯಿತು.

ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಯಲ್ಲಿ ಗಿರಗಿರನೆ ತಿರುಗಿಸುವ ಹುಡುಗರಿಗೆ ದಯವಿಟ್ಟು ಹೇಳಿ: ಎಣ್ಣೆಯಿಲ್ಲದೆ ಆ ವೇಗದಲ್ಲಿ ತಿರುಗುವ ಬೇರಿಂಗ್ ಸಿಡಿಯಬಹುದು. ಹಾಗೆಯೇ ಬ್ರೇಕ್ ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸುವುದೂ ಬೇಡ. ಹಳೇ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಗ್ಯಾರೇಜಿನ ಹುಡುಗನ ಎದೆಗೂ ಬೆಲೆಯಿದೆ.

ಹಿಂದಿನ ಅಚ್ಚಿನಲ್ಲಿ ಎರಡು ಜಾತಿ. ಫುಲ್ ಫ್ಲೋಟಿಂಗ್ ಆದರೆ ಗಾಡಿಯ ಭಾರವೆಲ್ಲ ಹಬ್ಬಿನ ಎರಡು ಬೇರಿಂಗುಗಳ ಮೇಲೆ, ಚಕ್ರ ಬಿಚ್ಚದೆಯೇ ಆಕ್ಸಲ್ ಶಾಫ್ಟನ್ನು ಹೊರಗೆಳೆಯಬಹುದು. ಸೆಮಿ ಫ್ಲೋಟಿಂಗ್ ಆದರೆ ಶಾಫ್ಟೇ ಭಾರ ಹೊರುತ್ತದೆ. ಅದು ತುಂಡಾದರೆ ಚಕ್ರವೂ ಅದರ ಹಿಂದೆಯೇ ಹೊರಟುಹೋಗಬಹುದು.

ಹಬ್ಬಿನ ನಟ್ಟನ್ನು ಎಷ್ಟು ಬಿಗಿಯಬೇಕು? ಇಲ್ಲಿ ಲೇಪಾಕ್ಷಿ ನೆನಪಾಗುತ್ತದೆ. ಹಿಂದೂಪುರದ ಪಕ್ಕದ ಆ ವೀರಭದ್ರ ಗುಡಿಯಲ್ಲಿ ನೆಲಕ್ಕೆ ಪೂರ್ತಿ ತಾಗದ ಕಂಬವೊಂದಿದೆ, ಬಂದವರೆಲ್ಲ ಕೆಳಗೆ ಬಟ್ಟೆ ತೂರಿಸಿ ನೋಡುತ್ತಾರೆ. ಟೇಪರ್ ಬೇರಿಂಗಿಗೂ ಅಂಥದೇ ಒಂದು ಸಂದು ಬೇಕು, ಬಟ್ಟೆ ಇರಲಿ ಕೂದಲೂ ಕಷ್ಟದಲ್ಲಿ ತೂರುವಷ್ಟು: 0.025ರಿಂದ 0.125 ಮಿ.ಮೀ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ಟು ಬಿಗಿಯಿರಿ. ಚಕ್ರ ಹಿಡಿದುಕೊಂಡಂತಾದಾಗ ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಲಾಕ್ ವಾಷರ್ ಹಾಕಿ, ಮೇಲಿನ ನಟ್ಟು ಬಿಗಿದು, ವಾಷರಿನ ಕಿವಿ ಮಡಚಿ. ಹೊಸ ವಾಷರ್ ಹಾಕಿ. ಒಮ್ಮೆ ಮಡಚಿದ ಕಿವಿ ಮತ್ತೆ ಮಡಚಿದರೆ ಮುರಿಯುತ್ತದೆ.

ಹಳೇ ಗಾಡಿಗಳ ಮಾತಿಗೇ ಬಂದರೆ, ಎನ್.ಟಿ. ರಾಮರಾವ್ ಅವರ ಪ್ರಚಾರದ ‘ಚೈತನ್ಯ ರಥಂ’ ಕೂಡ ಹೊಸ ಗಾಡಿಯಾಗಿರಲಿಲ್ಲ, ಮಾರ್ಪಾಡು ಮಾಡಿದ ಹಳೇ ಷೆವರ್ಲೆ ವ್ಯಾನು. 1983ರ ಚುನಾವಣೆಗೆ ಮುನ್ನ ಅದರಲ್ಲೇ ರಾಜ್ಯ ಸುತ್ತಿದ ಅವರು 1985ರಲ್ಲಿ ಹಿಂದೂಪುರದಿಂದಲೇ ಶಾಸಕರಾದರು.

ಕಲ್ಯಾಣದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಯೂ ನಿಂತಿರುವುದು ಜೀಪಿನ ಬೇರಿಂಗಿನ ವಂಶದ್ದೇ ಆದ ರೋಲರ್ ಬೇರಿಂಗುಗಳ ಮೇಲೆ, ಗಾತ್ರವೊಂದೇ ಬೇರೆ.

ಖಾಸಗಿ ಗಾಡಿಗೆ 15 ವರ್ಷ ತುಂಬಿದರೆ ಮತ್ತೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು, ಅದು ಐದೈದು ವರ್ಷಕ್ಕೆ. ಜನರನ್ನು ಹೊತ್ತು ಬಾಡಿಗೆಗೆ ಓಡುವ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಫಿಟ್‌ನೆಸ್. ಆ ಒಂದು ದಿನಕ್ಕಷ್ಟೇ ಚಕ್ರ ಬಿಗಿ ಮಾಡಿಸಿಕೊಂಡು ಹೋಗುವ ಅಭ್ಯಾಸ ನಮ್ಮ ಸೀಮೆಯಲ್ಲಿ ಇನ್ನಾದರೂ ನಿಲ್ಲಬೇಕು.

ಹೊಸ ಬೇರಿಂಗ್ ಹಾಕಿಸಿ ಊರಿಗೆ ಹೊರಟಿರಾ? ಹತ್ತು ಕಿ.ಮೀ. ಆದ ಮೇಲೆ ಗಾಡಿ ನಿಲ್ಲಿಸಿ ಹಬ್ಬಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮುಂದೆ ಹೋಗಿ. ಕೈ ಇಡಲಾಗದಷ್ಟು ಸುಟ್ಟರೆ ನಟ್ಟು ಬಿಗಿಯಾಗಿದೆ, ಅಲ್ಲಿಂದಲೇ ಹಿಂದಿರುಗಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಜಾಕಿ ಎತ್ತಿ, 12 ಮತ್ತು 6ರಲ್ಲಿ ಹಿಡಿದು ಅಲುಗಿಸಿ ನೋಡಿ.